ಅಕ್ಷರದಲ್ಲಿ ಉಳಿದ ಫ್ರೆಂಚ್: ಒಂದು ಪಾರಿಭಾಷಿಕ ವಿಮರ್ಶೆ

ಪರದೇಶದ ಯಂತ್ರವು ನಾಡಿಗೆ ಬರುವಾಗ ಅದರ ಅಂಗಾಂಗಗಳ ಹೆಸರುಗಳೂ ಜೊತೆಯಲ್ಲಿ ಬರುತ್ತವೆ. ಲಿಂಗರಾಜಪುರದ ಪೂರ್ವಕ್ಕಿರುವ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯ (ಸ್ಥಾಪನೆ 1948) ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ. 1982ರ ಒಪ್ಪಂದದ ಮೇರೆಗೆ ಫ್ರಾನ್ಸಿನ ಸಿಐಟಿ-ಅಲ್ಕಟೆಲ್ ಕಂಪನಿಯ ಇ-10ಬಿ ಎಂಬ, ಗಣಕನಿಯಂತ್ರಿತ ದೂರವಾಣಿ ವಿನಿಮಯಕೇಂದ್ರದ ತಂತ್ರವಿದ್ಯೆ ಈ ಸಂಸ್ಥೆಗೆ ಲಭಿಸಿತು. ಉತ್ತರ ಪ್ರದೇಶದ ಮಂಕಾಪುರದಲ್ಲಿ ಕಾರ್ಖಾನೆ ಏರ್ಪಟ್ಟಿತು. ಆ ವಿದ್ಯೆ ನಮ್ಮವರನ್ನು ತಲುಪಿದ್ದು ಇಂಗ್ಲಿಷಿನ ಮೂಲಕ.

ಆ ಇಂಗ್ಲಿಷ್ ಪರಿಭಾಷೆಯನ್ನು ಪರಿಶೀಲಿಸಿದರೆ, ಪದಗಳು ಭಾಷಾಂತರಗೊಂಡರೂ ಸಂಕೇತಾಕ್ಷರಗಳು ಫ್ರೆಂಚಿನಲ್ಲಿಯೇ ಉಳಿದುವೆಂಬುದು ವ್ಯಕ್ತವಾಗುತ್ತದೆ. ಯಂತ್ರಕ್ಕೆ ಕಾಲದ ಲಯವನ್ನೊದಗಿಸುವ 'ಬಾಜ್ ದ ತಾಂ' ಎಂಬ ಭಾಗವು 'ಟೈಮ್ ಬೇಸ್' ಆಯಿತು, ಸಂಕೇತವು 'ಬಿ.ಟಿ.' ಆಗಿಯೇ ನಿಂತಿತು. ಕರೆಯ ಶುಲ್ಕವನ್ನು ಗಣಿಸುವ 'ತಾಕ್ಸರ್' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಚಾರ್ಜಿಂಗ್' ಎಂಬ ಪದ ಬಂದಿತು. ಸಂಕೇತವು ಮಾತ್ರ 'ಟಿ.ಎಕ್ಸ್.' ರೇಡಿಯೋ ಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೆ ಇದೇ ಎರಡಕ್ಷರಗಳು ಪ್ರೇಷಕವನ್ನು ಸೂಚಿಸುತ್ತವೆ!

ಸಂಕೇತಗಳನ್ನು ಬದಲಿಸಿದರೆ ನಕ್ಷೆಗಳನ್ನೂ ಫಲಕಗಳನ್ನೂ ಬದಲಿಸಬೇಕಾಗುವುದೆಂಬ ಸಮಾಧಾನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೂಲಪದವನ್ನು ತಿಳಿಸದೆ ಸಂಕೇತವನ್ನಷ್ಟೇ ಕಲಿಸಿದಲ್ಲಿ ವಿದ್ಯೆಯು ಕಂಠಪಾಠವಾಗುತ್ತದೆ. ಚರಿತ್ರಕಾರನಿಗಾದರೋ ಆ ಅಕ್ಷರಗಳು ಯಂತ್ರದ ಹುಟ್ಟೂರನ್ನು ಹೇಳುವ ಶಾಸನಗಳಂತಿವೆ.

ಕನ್ನಡಕ್ಕೂ ಈ ವಿವೇಕ ಅವಶ್ಯಕ. 'ಯಂತ್ರಾಂಶ', 'ತಂತ್ರಾಂಶ' ಎಂಬ ಪದಗಳು ಅರ್ಥವತ್ತಾಗಿಯೇ ರೂಢಿಗೆ ಬಂದಿವೆ. ಆದರೆ ಅವುಗಳ ಪಕ್ಕದಲ್ಲಿ 'ಸಿಪಿಯು', 'ರ‍್ಯಾಮ್' ಎಂಬ ಸಂಕೇತಗಳನ್ನು ವಿವರಣೆಯಿಲ್ಲದೆ ಬರೆದಲ್ಲಿ ನಾವೂ ಅರ್ಧ ಭಾಷಾಂತರವನ್ನೇ ಮಾಡಿದಂತಾಗುತ್ತದೆ. ಪಾರಿಭಾಷಿಕ ಕೋಶಗಳು ಸಮಾನಪದದೊಡನೆ ಸಂಕೇತದ ಮೂಲವನ್ನೂ ಕೊಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.