ಮುಂಗೈ ಮೇಲಿನ ಲೆಕ್ಕ

ಸೀರೆಯ ಅಂಚು ಎರಡು ಬೆರಳು ಅಗಲ ಹೆಚ್ಚಾಯಿತು, ಸೆರಗಿನ ಮಾವಿನಕಾಯಿ ಒಡಲಿನ ಬಣ್ಣಕ್ಕೆ ಹೊಂದಲಿಲ್ಲ, ಓಲೆಯ ಹರಳು ಮುಖಕ್ಕೆ ಭಾರವಾಯಿತು ಎಂದು ಗಂಟೆಗಟ್ಟಲೆ ವಿಮರ್ಶೆ ಮಾಡುವವರು ನಾವು. ಆ ಸೀರೆಯನ್ನು ನಾಳೆ ಬೀರುವಿನ ಮೂಲೆಗೆ ಸೇರಿಸಬಹುದು, ಓಲೆಯನ್ನು ಮುರಿಸಿ ಬೇರೆ ಮಾಡಿಸಬಹುದು. ಆದರೆ ಮೈಮೇಲೆ ಸಾಯುವ ತನಕ ಉಳಿಯುವ ಹಚ್ಚೆಯ ವಿಷಯ ಬಂದಾಗ ಮಾತ್ರ ನಮ್ಮ ಬಾಯಲ್ಲಿ ಎರಡೇ ಪದ. ಮಕ್ಕಳು ‘ಬೇಕು’ ಎನ್ನುತ್ತಾರೆ, ತಾಯಂದಿರು ‘ಬೇಡ’ ಎನ್ನುತ್ತಾರೆ. ಹಾಕಿಸಿಕೊಳ್ಳುವುದಾದರೆ ಯಾವುದು, ಅದೇ ಏಕೆ, ಬರೆದದ್ದು ಸರಿಯೇ, ಇಪ್ಪತ್ತು ವರ್ಷದ ಮೇಲೆ ಹೇಗೆ ಕಂಡೀತು ಎಂದು ಕೇಳುವವರು ಯಾರೂ ಇಲ್ಲ. ಕವಿತೆಗೆ ವಿಮರ್ಶಕರಿದ್ದಾರೆ, ಸಿನಿಮಾಕ್ಕೂ ಇದ್ದಾರೆ. ಹಚ್ಚೆಗೂ ಒಬ್ಬರಿರಲಿ ಎಂದು ಈ ಬರಹ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು ನನ್ನ ತಂಗಿಯ ಮಗಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ದೊಡ್ಡಮ್ಮನೇ ತೀರ್ಪು ಕೊಡಲಿ ಎಂದು ಒಂದು ಹಾಳೆಯಲ್ಲಿ ಐದು ಮಾದರಿ ಬರೆದು ತಂದಳು. ಅವಳಿಗಿಂತ ಮೊದಲೇ ಅವಳ ಅಮ್ಮನ ಫೋನು ಬಂದಿತ್ತು. “ಅಕ್ಕ, ನೀನಾದ್ರೂ ಬುದ್ಧಿ ಹೇಳು. ನಾಳೆ ನೋಡೋಕೆ ಬಂದೋರು ಏನಂತಾರೆ?” ಬುದ್ಧಿ ಹೇಳುವುದನ್ನು ಆಮೇಲೆ ನೋಡೋಣ, ಮೊದಲು ಉತ್ತರಪತ್ರಿಕೆ ತಿದ್ದೋಣ ಎಂದು ನಾನು ಕೆಂಪು ಪೆನ್ನು ಕೈಗೆತ್ತಿಕೊಂಡೆ.

ಇಂಥ ಆಸೆ ಇವಳೊಬ್ಬಳದೇ ಅಲ್ಲ. ಅಮೆರಿಕದ ವಿಜ್ಞಾನ ಲೇಖಕ ಕಾರ್ಲ್ ಝಿಮ್ಮರ್, ವಿಜ್ಞಾನಿಗಳೂ ವಿಜ್ಞಾನದ ಹುಚ್ಚು ಹಿಡಿದವರೂ ಹಾಕಿಸಿಕೊಂಡ ಹಚ್ಚೆಗಳ ಚಿತ್ರಗಳನ್ನು ಕೂಡಿಸಿ 2011ರಲ್ಲಿ ‘ಸೈನ್ಸ್ ಇಂಕ್’ ಎಂಬ ಪುಸ್ತಕವನ್ನೇ ತಂದರು. ಪ್ರತಿ ಚಿತ್ರದ ಹಿಂದಿನ ವಿಜ್ಞಾನವನ್ನು ಅವರು ಪ್ರೀತಿಯಿಂದ ಬಿಡಿಸಿ ಹೇಳುತ್ತಾರೆ. ಆದರೆ ಯಾವುದು ಒಳ್ಳೆಯ ಹಚ್ಚೆ, ಯಾವುದು ಅಲ್ಲ ಎಂದು ತೂಗಿ ನೋಡುವುದು ಆ ಪುಸ್ತಕದ ಉದ್ದೇಶವಲ್ಲ. ನನ್ನ ಉದ್ದೇಶ ಅದೇ.

ಹಾಳೆಯಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತಿರುವ ‘ಇ ಈಕ್ವಲ್ಸ್ ಎಂ ಸಿ ಸ್ಕ್ವೇರ್’. ಐನ್‌ಸ್ಟೈನ್ ಸೂತ್ರ. ಚಹದ ಲೋಟದ ಮೇಲೆ, ಮಕ್ಕಳ ಅಂಗಿಯ ಮೇಲೆ, ಟ್ಯೂಷನ್ ಬೋರ್ಡಿನ ಮೇಲೆ ಎಲ್ಲಿ ನೋಡಿದರೂ ಇದೇ. ತಮಾಷೆಯೆಂದರೆ 1905ರಲ್ಲಿ ಐನ್‌ಸ್ಟೈನ್ ಬರೆದ ಪ್ರಬಂಧದಲ್ಲಿ ಇದು ಈ ರೂಪದಲ್ಲಿ ಇಲ್ಲ. ಅವರು ಶಕ್ತಿಗೆ ‘ಎಲ್’ ಎಂದೂ ಬೆಳಕಿನ ವೇಗಕ್ಕೆ ‘ವಿ’ ಎಂದೂ ಬರೆದು, ಒಂದು ವಸ್ತು ಬೆಳಕಿನ ರೂಪದಲ್ಲಿ ಶಕ್ತಿಯನ್ನು ಹೊರಬಿಟ್ಟರೆ ಅದರ ದ್ರವ್ಯರಾಶಿ ಎಷ್ಟು ಕಡಿಮೆಯಾಗುತ್ತದೆ ಎಂದು ಹೇಳಿದ್ದರು. ಅಲ್ಲದೆ ಈ ಸಣ್ಣ ರೂಪ ಹೇಳುವುದು ನಿಂತ ವಸ್ತುವಿನ ಕಥೆ. ಓಡುವ ಕಣಕ್ಕೆ ಸಂವೇಗದ ಇನ್ನೊಂದು ಪದ ಸೇರಬೇಕು. ಸೂತ್ರದಲ್ಲಿ ದೋಷವಿಲ್ಲ. ದೋಷ ಅದರ ಖ್ಯಾತಿಯಲ್ಲಿದೆ. ಅದನ್ನು ಕೈಮೇಲೆ ಬರೆಸಿಕೊಂಡರೆ ‘ನನಗೆ ವಿಜ್ಞಾನ ಇಷ್ಟ’ ಎಂಬುದಕ್ಕಿಂತ ಹೆಚ್ಚೇನೂ ಹೇಳಿದಂತಾಗುವುದಿಲ್ಲ. ಹತ್ತಕ್ಕೆ ಮೂರು.

ಎರಡನೆಯದು ಆಯ್ಲರ್ ಸೂತ್ರ. ಗಣಿತದ ಐದು ಮುಖ್ಯ ಸಂಖ್ಯೆಗಳು, ಅಂದರೆ ಇ, ಐ, ಪೈ, ಒಂದು, ಸೊನ್ನೆ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಇದರ ಚೆಲುವಿಗೆ ನಾನೂ ಸೋತವಳೇ. ಆದರೆ ಹಚ್ಚೆಯಾಗಿ ನೋಡಿದಾಗ ಒಂದು ತೊಡಕು. ‘ಐ ಪೈ’ ಎಂಬುದು ‘ಇ’ ಅಕ್ಷರದ ತಲೆಯ ಮೇಲೆ ಸಾಸಿವೆಯಷ್ಟು ಸಣ್ಣದಾಗಿ ಕೂರಬೇಕು. ಚರ್ಮ ಕಾಗದವಲ್ಲ. ಮೇಲುಪದರದ ಕೆಳಗೆ, ಒಂದೆರಡು ಮಿಲಿಮೀಟರ್ ಆಳದಲ್ಲಿ ಬಿದ್ದ ಶಾಯಿಯನ್ನು ಮೈಯ ಕಾವಲು ಕಣಗಳು ಬೇರೆಯವರು ತಂದುಹಾಕಿದ ಕಸವೆಂದು ತಿಳಿದು ನುಂಗುತ್ತವೆ. ಕರಗಿಸಲಾರದೆ ಹೊಟ್ಟೆಯಲ್ಲೇ ಇಟ್ಟುಕೊಂಡು ಕೂರುತ್ತವೆ. ಆ ಕಣ ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕದ ಹೊಸ ಕಣ ಅದನ್ನು ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಇದನ್ನು ತೋರಿಸಿದರು. ಶಾಶ್ವತ ಎಂದು ನಾವು ತಿಳಿದ ಹಚ್ಚೆ ಹೀಗೆ ಅತ್ತೆಯಿಂದ ಸೊಸೆಗೆ ಬೀಗದ ಕೈ ಬಂದಂತೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ವರ್ಷ ಕಳೆದಂತೆ ಗೆರೆ ಅಗಲವಾಗುತ್ತದೆ, ಅಂಚು ಮಸುಕಾಗುತ್ತದೆ. ಸಣ್ಣ ಅಕ್ಷರ ಬೊಟ್ಟಾಗುತ್ತದೆ. ಆಯ್ಲರ್ ಸೂತ್ರದಲ್ಲಿ ಬೊಟ್ಟಾಗುವುದು ಸೂತ್ರದ ಜೀವವೇ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಈ ಸೂತ್ರ ಹೇಳುವುದಾದರೂ ಏನು? ಒಂದು ಎಂಬ ಬಿಂದುವಿನಿಂದ ಹೊರಟು ಸೊನ್ನೆಯ ಸುತ್ತ ಅರ್ಧ ಸುತ್ತು ತಿರುಗಿದರೆ ಮೈನಸ್ ಒಂದಕ್ಕೆ ಬಂದು ನಿಲ್ಲುತ್ತೇವೆ, ಅದಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ. ಅಷ್ಟೇ. ಅಂದಮೇಲೆ ಮೂರು ಚುಕ್ಕಿ ಇಟ್ಟು, ಆಚೆ ಈಚೆಯ ಎರಡನ್ನು ಒಂದು ಕಮಾನಿನಿಂದ ಸೇರಿಸಿದರೆ ಅಕ್ಷರವಿಲ್ಲದೆಯೂ ಸೂತ್ರ ಬಂದ ಹಾಗಾಯಿತು. ಅಕ್ಷರದಲ್ಲಿ ಬರೆದರೆ ಹತ್ತಕ್ಕೆ ಐದು, ಕಮಾನು ಬರೆದರೆ ಏಳು.

ಮೂರನೆಯದು ಪೈ ಸಂಖ್ಯೆಯ ಅಂಕಿಗಳು ಬಳೆಯಂತೆ ಮುಂಗೈ ಸುತ್ತುವ ಮಾದರಿ. ಇದಕ್ಕೆ ನಾನು ಒಂದು ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಬೋರ್ಡಿಂಗ್ ಶಾಲೆ ನಡೆಸುತ್ತಿದ್ದ ವಿಲಿಯಂ ಶ್ಯಾಂಕ್ಸ್ ಎಂಬವರು ವರ್ಷಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿ 1873ರಲ್ಲಿ ಪೈ ಬೆಲೆಯನ್ನು 707 ದಶಮಾಂಶ ಸ್ಥಾನಗಳವರೆಗೆ ಪ್ರಕಟಿಸಿದರು. ಪ್ಯಾರಿಸ್ಸಿನ ವಿಜ್ಞಾನ ವಸ್ತುಸಂಗ್ರಹಾಲಯವೊಂದು 1937ರಲ್ಲಿ ತನ್ನ ದುಂಡನೆಯ ಕೋಣೆಯಲ್ಲಿ ಆ ಅಂಕಿಗಳನ್ನೆಲ್ಲ ಸಾಲಾಗಿ ಕೂರಿಸಿತು. 1940ರ ದಶಕದಲ್ಲಿ ಫರ್ಗ್ಯೂಸನ್ ಎಂಬವರು ಮತ್ತೆ ಲೆಕ್ಕ ಹಾಕಿದಾಗ 528ನೆಯ ಸ್ಥಾನದಲ್ಲಿ ಶ್ಯಾಂಕ್ಸ್ ಎಡವಿದ್ದು ತಿಳಿಯಿತು. ಅಲ್ಲಿಂದ ಮುಂದಿನದು ದಂಡ. ಪ್ಯಾರಿಸ್ಸಿನವರು 1949ರಲ್ಲಿ ಅಂಕಿಗಳನ್ನು ಬದಲಾಯಿಸಿದರು. ಗೋಡೆಯ ಅಂಕಿಯನ್ನು ಕಿತ್ತು ಬೇರೆ ಜೋಡಿಸಬಹುದು, ಕೈಮೇಲಿನದನ್ನು ಹೇಗೆ ಕೀಳುವುದು? ಈಗ ಕಂಪ್ಯೂಟರಿನ ಕಾಲ, ಅಂಕಿಗಳು ಸರಿಯಾಗಿಯೇ ಸಿಗುತ್ತವೆ, ನಿಜ. ಆದರೆ ಸೂಜಿ ಹಿಡಿದವನು ಐವತ್ತು ಅಂಕಿ ಚುಚ್ಚುವಾಗ ಒಂದನ್ನು ಹಿಂದುಮುಂದು ಮಾಡಿದರೂ ಅವನಿಗೂ ತಿಳಿಯದು, ಅವಳಿಗೂ ತಿಳಿಯದು. ಮುಗಿಯದ ಸಂಖ್ಯೆಯನ್ನು ಮಣಿಕಟ್ಟು ಮುಗಿದಲ್ಲಿ ನಿಲ್ಲಿಸುವುದೂ ನನಗೆ ಹಿಡಿಸಲಿಲ್ಲ. ಹತ್ತಕ್ಕೆ ನಾಲ್ಕು.

ನಾಲ್ಕನೆಯದು ಸುರುಳಿ. ಹಚ್ಚೆ ಅಂಗಡಿಯ ಆಲ್ಬಮ್ಮಿನಲ್ಲಿ ಇದಕ್ಕೆ ‘ಗೋಲ್ಡನ್ ಸ್ಪೈರಲ್’ ಎಂದು ಹೆಸರು, ಪಕ್ಕದಲ್ಲಿ ಸಮುದ್ರದ ನಾಟಿಲಸ್ ಚಿಪ್ಪಿನ ಚಿತ್ರ. ಚಿಪ್ಪಿನ ಸುರುಳಿಯೂ ಈ ಚಿನ್ನದ ಸುರುಳಿಯೂ ಒಂದೇ ಎಂದು ಅಲ್ಲಿ ಹೇಳುತ್ತಾರೆ. ಅಳೆದರೆ ಹಾಗಿಲ್ಲ. ಚಿನ್ನದ ಸುರುಳಿ ಒಂದು ಪೂರ್ತಿ ಸುತ್ತಿಗೆ ಏಳರ ಹತ್ತಿರ ಪಟ್ಟು ಹಿಗ್ಗಬೇಕು. ಆ ಚಿಪ್ಪು ಹಿಗ್ಗುವುದು ಸುಮಾರು ಮೂರು ಪಟ್ಟು. ಎರಡೂ ಒಂದೇ ಜಾತಿಯ ಸುರುಳಿಗಳು, ಆದರೆ ಅಕ್ಕತಂಗಿಯರೇ ಹೊರತು ಒಬ್ಬಳೇ ಅಲ್ಲ.

ಸುರುಳಿಯ ವಿಷಯದಲ್ಲಿ ಇನ್ನೂ ದೊಡ್ಡ ಪಾಠ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿದೆ. ಗಣಿತಜ್ಞ ಯಾಕೊಬ್ ಬರ್ನೂಲಿಗೆ ಈ ಹಿಗ್ಗುವ ಸುರುಳಿಯ ಮೇಲೆ ಅಪಾರ ಮೋಹ. ಎಷ್ಟು ದೊಡ್ಡದು ಮಾಡಿದರೂ ಚಿಕ್ಕದು ಮಾಡಿದರೂ ಅದರ ರೂಪ ಕೆಡುವುದಿಲ್ಲವೆಂದು ತನ್ನ ಸಮಾಧಿಯ ಮೇಲೆ ಅದನ್ನೇ ಕೆತ್ತಿಸಬೇಕೆಂದು ಬಯಸಿದ್ದ. 1705ರಲ್ಲಿ ಅವನು ತೀರಿಕೊಂಡ. ಕಲ್ಲುಕುಟಿಗನಿಗೆ ಸುರುಳಿ ಎಂದರೆ ಸುರುಳಿ, ಅಷ್ಟೇ. ಸುತ್ತಿನಿಂದ ಸುತ್ತಿಗೆ ಅಂತರ ಹಿಗ್ಗುತ್ತಾ ಹೋಗುವ ಸುರುಳಿಯ ಬದಲು, ಎಲ್ಲ ಸುತ್ತುಗಳ ನಡುವೆ ಒಂದೇ ಅಂತರವಿರುವ ಸುರುಳಿಯನ್ನು ಕೆತ್ತಿಟ್ಟ. ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಆತ ಕೇಳಿದ್ದು ಬಸವನಹುಳುವಿನ ಚಿಪ್ಪು, ಸಿಕ್ಕಿದ್ದು ಚಕ್ಕುಲಿ. ಬಾಸೆಲ್ಲಿನ ದೊಡ್ಡ ಚರ್ಚಿನಲ್ಲಿ ಆ ಚಕ್ಕುಲಿ ಇಂದಿಗೂ ಇದೆ. ಬರೆಯುವವನಿಗೆ ಅರ್ಥ ಗೊತ್ತಿಲ್ಲದಿದ್ದರೆ, ಬರೆಸಿಕೊಳ್ಳುವವರು ಎದುರಿಗಿದ್ದು ತಿದ್ದದಿದ್ದರೆ ಹೀಗೇ. ಸರಿಯಾಗಿ ಬರೆದ ಸುರುಳಿಗೆ ಆರು, ಚಕ್ಕುಲಿಗೆ ಸೊನ್ನೆ.

ಐದನೆಯದಕ್ಕೆ ಬರುವ ಮೊದಲು ಹಾಳೆಯಲ್ಲಿ ಇಲ್ಲದ ಒಂದು ಮಾದರಿಯನ್ನು ನಾನೇ ಸೇರಿಸಿದೆ. ನನ್ನ ಅಜ್ಜಿಯ ಎಡಗೈಯಲ್ಲಿ ಇದ್ದದ್ದು. ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕಿ, ಅವುಗಳ ನಡುವೆ ಹಾವಿನಂತೆ ಸುತ್ತಿ ಬಂದ ಒಂದು ಎಳೆ. ಅಜ್ಜಿಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ಕೊರವಂಜಿ ಬಂದು, ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಇಬ್ಬರು ಹೆಂಗಸರು ಕೈ ಅದುಮಿ ಹಿಡಿದಿರುವಾಗ ಚುಚ್ಚಿದ್ದಂತೆ. ಬೇಕೇ ಎಂದು ಯಾರೂ ಕೇಳಿರಲಿಲ್ಲ. ಸತ್ತಾಗ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅಜ್ಜಿ ಅದನ್ನು ಸವರಿಕೊಳ್ಳುತ್ತಿದ್ದರು.

ಆ ಎಳೆಯಲ್ಲಿ ಒಂದು ಲೆಕ್ಕವಿದೆ. ನಾಳೆ ಬೆಳಿಗ್ಗೆ ಬಾಗಿಲ ಮುಂದೆ ನೀವೇ ಹಾಕಿ ನೋಡಬಹುದು. ಚುಕ್ಕಿಗಳನ್ನು ಸಾಲಾಗಿ ಇಟ್ಟು, ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಓರೆಯಾಗಿ ಎಳೆಯನ್ನು ಹಾಯಿಸಿ, ಅಂಚು ಬಂದಾಗ ತಿರುಗಿಸಿ. ಮೂರು ಸಾಲಿಗೆ ನಾಲ್ಕು ಚುಕ್ಕಿಯಾದರೆ ಕೈ ಎತ್ತದೆ ಒಂದೇ ಎಳೆಯಲ್ಲಿ ಎಲ್ಲವೂ ಮುಗಿಯುತ್ತದೆ. ಮೂರಕ್ಕೆ ಮೂರಾದರೆ ಮೂರು ಬೇರೆ ಬೇರೆ ಎಳೆ ಬೇಕು. ನಾಲ್ಕಕ್ಕೆ ಆರಾದರೆ ಎರಡು. ಎಷ್ಟು ಎಳೆ ಎಂಬುದು ಆ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ. ಏಳನೆಯ ತರಗತಿಯಲ್ಲಿ ನಾವು ಬೈಸಿಕೊಂಡು ಕಲಿತ ಅದೇ ಮ.ಸಾ.ಅ.! ಆಫ್ರಿಕಾದ ಅಂಗೋಲಾದ ಚೋಕ್ವೆ ಜನರೂ ಮರಳಿನ ಮೇಲೆ ಚುಕ್ಕಿ ಇಟ್ಟು ಇಂಥವೇ ಎಳೆ ಎಳೆಯುತ್ತಾರೆ. ದಕ್ಷಿಣ ಭಾರತದ ಹೊಸಿಲ ರಂಗೋಲಿಗೂ ಹಚ್ಚೆಗೂ ಇರುವ ನಂಟಿನ ಬಗ್ಗೆ ಜಾನ್ ಲೇಯಾರ್ಡ್ 1937ರಲ್ಲೇ ಬರೆದಿದ್ದರು. ತಮಿಳರ ಕೋಲವನ್ನು ಗಣಿತವಾಗಿ ಬಿಡಿಸಿ 1974ರಲ್ಲಿ ಪ್ರಬಂಧ ಪ್ರಕಟಿಸಿದವರು ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್. ಮೂವರಲ್ಲಿ ಇಬ್ಬರು ಹೆಂಗಸರು.

ಐನ್‌ಸ್ಟೈನ್ ಸೂತ್ರ ಬರೆಸಿಕೊಂಡ ಕೈ ಗಣಿತದ ಹೆಸರು ಹೇಳುತ್ತದೆ. ಅಜ್ಜಿಯ ಕೈಯಲ್ಲಿ ಗಣಿತವೇ ಇತ್ತು. ಬೆರಳಿಟ್ಟು ಎಳೆಯ ಜೊತೆಗೆ ಹೋದರೆ ಹೊರಟಲ್ಲಿಗೇ ಬರುತ್ತಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಗೆರೆ ಅಗಲವಾದರೂ ಕೆಡದು, ನಾಲ್ಕಾರು ದಶಕದ ಮೇಲೂ ಎಣಿಸಬಹುದು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ.

ಹುಡುಗಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ದೊಡ್ಡಮ್ಮ, ಚೆನ್ನಾಗಿದೆ. ಆದರೆ ನನ್ನ ಕೈ ಮೇಲೆ ರಂಗೋಲಿ ನೋಡಿದೋರು, ಪರವಾಗಿಲ್ಲ, ಓದಿದ್ರೂ ಸಂಪ್ರದಾಯ ಬಿಟ್ಟಿಲ್ಲ ಅಂತಾರೆ. ಲೆಕ್ಕ ಇದೆ ಅಂತ ಯಾರಿಗೂ ಹೊಳೆಯಲ್ಲ. ಮುತ್ತಜ್ಜಿಗೂ ಯಾರೂ ಹೇಳಲಿಲ್ಲವಲ್ಲ?” ಎಂದಳು.

ಈ ಮಾತಿನಲ್ಲಿ ತೂಕವಿದೆ. ಹೆಂಗಸು ಹೊಸಿಲಲ್ಲಿ ಕೂತು ಮಾಡಿದ ಲೆಕ್ಕ ರಂಗೋಲಿ, ಗಂಡಸು ಕಪ್ಪುಹಲಗೆಯ ಮೇಲೆ ಮಾಡಿದ್ದು ಗಣಿತ ಎಂದು ನಾವು ಬಹುಕಾಲ ಹಂಚಿಟ್ಟಿದ್ದೇವೆ. ಹಚ್ಚೆಯೂ ಹಾಗೆ. ಗಂಡನ ಹೆಸರು, ತೊಟ್ಟಿಲು, ತುಳಸಿಕಟ್ಟೆ ಎಲ್ಲವೂ ಇವಳು ಯಾರವಳು ಎಂದು ಹೇಳುವ ಗುರುತುಗಳು. ಇವಳು ಏನು ಬಲ್ಲವಳು ಎಂದು ಹೇಳುವ ಗುರುತು ಬೇಕೆಂದು ಒಬ್ಬ ಹುಡುಗಿ ಕೇಳಿದರೆ ಅದನ್ನು ಬರೀ ಫ್ಯಾಷನ್ ಎಂದು ತಳ್ಳಿಹಾಕಲಾಗದು.

ಹಾಗಾಗಿ ಐದನೆಯ ಮಾದರಿಯನ್ನು ನಾನು ಹೆಚ್ಚು ಹೊತ್ತು ನೋಡಿದೆ. ಅದು ಫೈನ್‌ಮನ್ ಚಿತ್ರ. ಎರಡು ಎಲೆಕ್ಟ್ರಾನುಗಳು ಹತ್ತಿರ ಬರುತ್ತವೆ, ನಡುವೆ ಒಂದು ಫೋಟಾನಿನ ಕೊಡುಕೊಳೆ ನಡೆಯುತ್ತದೆ, ಎರಡೂ ದೂರ ಸರಿಯುತ್ತವೆ. ನಾಲ್ಕು ನೇರ ಗೆರೆ, ಒಂದು ಅಲೆಯ ಗೆರೆ, ಎರಡು ಸೇರುಚುಕ್ಕಿ. ಅಷ್ಟೇ ಚಿತ್ರ. ರಿಚರ್ಡ್ ಫೈನ್‌ಮನ್ 1949ರ ಪ್ರಬಂಧದಲ್ಲಿ ಇಂಥ ಚಿತ್ರಗಳನ್ನು ಅಚ್ಚು ಹಾಕಿಸಿದರು. 1975ರಲ್ಲಿ ಕೊಂಡ ತಮ್ಮ ವ್ಯಾನಿನ ಮೈತುಂಬ ಇವನ್ನೇ ಬರೆಸಿಕೊಂಡು ತಿರುಗಾಡಿದರು. ಇದು ಅಲಂಕಾರದ ಚಿತ್ರವಲ್ಲ. ಪ್ರತಿ ಗೆರೆಗೂ ಪ್ರತಿ ಚುಕ್ಕಿಗೂ ಲೆಕ್ಕದಲ್ಲಿ ಒಂದೊಂದು ಪದ ನಿಗದಿಯಾಗಿದೆ. ಚಿತ್ರ ಬರೆದರೆ ಲೆಕ್ಕ ಎದ್ದು ಬರುತ್ತದೆ. ಗೆರೆ ಎಲ್ಲಿ ಕೂಡಬೇಕು, ಎಷ್ಟು ಕೂಡಬೇಕು ಎಂಬ ನಿಯಮ ರಂಗೋಲಿಗೆ ಇದ್ದಂತೆ ಇದಕ್ಕೂ ಇದೆ. ಅಜ್ಜಿ ಕಂಡಿದ್ದರೆ, ಎಳೆ ಮುಚ್ಚಿಕೊಂಡಿಲ್ಲವಲ್ಲ, ತುದಿಗಳನ್ನು ಬಿಟ್ಟುಬಿಟ್ಟಿದ್ದೀಯಲ್ಲ ಎಂದು ಕೇಳುತ್ತಿದ್ದರೋ ಏನೋ. ಅದಕ್ಕೆ ಉತ್ತರ ಕೊಡಲು ಇವಳಿಗೆ ಬರುತ್ತದೆ. ಇದಕ್ಕೂ ಒಂಬತ್ತು.

ಎರಡು ಒಂಬತ್ತುಗಳ ನಡುವೆ ಆರಿಸುವ ಹಕ್ಕು ವಿಮರ್ಶಕರದ್ದಲ್ಲ, ಕೈ ಯಾರದೋ ಅವರದು. ತಾಯಂದಿರಿಗೆ ನಾನು ಹೇಳುವುದಿಷ್ಟು. ಮಗಳು ಬೇಕೆಂದಾಗ ಒಂದು ಹಾಳೆ, ಒಂದು ಪೆನ್ನು ಕೊಟ್ಟು, ನೋಡದೆ ಬರೆ ನೋಡೋಣ ಎನ್ನಿ. ತಾನೇ ಬರೆಯಲಾಗದ್ದನ್ನು ಇನ್ನೊಬ್ಬರಿಂದ ಚುಚ್ಚಿಸಿಕೊಳ್ಳುವುದು ಬೇಡ. ಅದರ ಅರ್ಥವನ್ನು ಅಡಿಗೆಮನೆಯಲ್ಲಿ ಇರುವವರಿಗೂ ತಿಳಿಯುವಂತೆ ಹೇಳು ಎನ್ನಿ. ಒಂದು ವರ್ಷ ಆ ಚಿತ್ರವನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡು ದಿನಾ ನೋಡಲಿ. ಆಗಲೂ ಬೇಸರ ಬರದಿದ್ದರೆ, ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸುವ ಅಂಗಡಿಗೆ ನೀವೇ ಜೊತೆಗೆ ಹೋಗಿ ಕೂತು ಬನ್ನಿ.

ಇನ್ನು ನೋಡಲು ಬಂದವರು ಏನಂತಾರೆ ಎಂಬ ನನ್ನ ತಂಗಿಯ ಚಿಂತೆ. ಇದೇನಮ್ಮ ಕೈಮೇಲೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳಲಿ. ಹುಡುಗಿ ಎದುರಿಗೆ ಕೂತು ಐದು ನಿಮಿಷ ವಿವರಿಸುತ್ತಾಳೆ. ಅಷ್ಟು ಹೊತ್ತು ಕೇಳಿಸಿಕೊಳ್ಳುವ ತಾಳ್ಮೆ ಹುಡುಗನಿಗೆ ಇದೆಯೋ ಇಲ್ಲವೋ ಎಂಬುದು, ಉಪ್ಪಿಟ್ಟು ಕೇಸರಿಭಾತಿನ ತಟ್ಟೆ ಖಾಲಿಯಾಗುವುದರೊಳಗೆ, ನಮಗೂ ತಿಳಿದುಹೋಗುತ್ತದೆ.