ಲ್ಯಾಟಿನ್ ಎಬ್ಬಿಸಿ ಸಂಸ್ಕೃತ ಕೂರಿಸಿದ್ದು

ಹೊಲದ ತಂಟೆ ಇರುವ ಮುಂಡರಗಿ ಕಡೆಯ ಮನೆಗಳಲ್ಲಿ ‘ಕೇಸು ಎಕ್ಸ್ ಪಾರ್ಟಿ ಆತು’ ಅನ್ನೋ ಮಾತು ಹೊಸದಲ್ಲ. ಕೇಸಿನಿಂದ ಹೊರಗೆ ಹಾಕಿದ ಪಾರ್ಟಿ ಅಂತ ಹಿರಿಯರ ಅರ್ಥ. ಮೂಲ ಲ್ಯಾಟಿನ್ ‘ಎಕ್ಸ್ ಪಾರ್ಟೆ’, ಅಂದರೆ ಒಂದೇ ಕಡೆಯಿಂದ. ನೀವು ಬರಲಿಲ್ಲ, ಎದುರಿನವರ ಮಾತಷ್ಟೇ ಕೇಳಿದೆವು ಅಂತ. ಪದ ತಿರುಚಿದರೂ ಪೆಟ್ಟು ಎಲ್ಲಿ ಬಿತ್ತು ಅನ್ನೋದು ಜನಕ್ಕೆ ಗೊತ್ತಾಗಿದೆ. ಗೊತ್ತಾಗದೇ ಇರೋದು ಮುಂದಿನ ಮಾತು: ಅಂಥ ಡಿಕ್ರಿ ರದ್ದು ಮಾಡಿ ಅಂತ ಕೇಳೋಕೆ ಇರೋದು 30 ದಿನ, ಸಮನ್ಸ್ ಸರಿಯಾಗಿ ಮುಟ್ಟಿರದಿದ್ದರೆ ವಿಷಯ ತಿಳಿದ ದಿನದಿಂದ ಲೆಕ್ಕ. ‘ಏಕಪಕ್ಷೀಯ’ ಅಂತ ಬರೆದ ಕಾಗದ ಹಿಡಿದು ಕೂತ ಅಜ್ಜನಿಗೆ ಇದನ್ನ ಯಾರು ಹೇಳಬೇಕು?

ನನ್ನ ತಕರಾರು ಲ್ಯಾಟಿನ್ ಮೇಲಲ್ಲ, ಅದನ್ನ ಕನ್ನಡ ಮಾಡಿದ ರೀತಿಯ ಮೇಲೆ. ರಿಟ್‌ಗಳ ಹೆಸರನ್ನೇ ನೋಡಿ. ‘ಮ್ಯಾಂಡಮಸ್’ ಅಂದರೆ ‘ಆಜ್ಞೆ ಮಾಡುತ್ತೇವೆ’, ಸೀದಾ ಕ್ರಿಯಾಪದ. ನಮ್ಮಲ್ಲಿ ಅದು ‘ಪರಮಾದೇಶ’. ‘ಸರ್ಷಿಯೊರರಿ’ಗೆ ‘ಉತ್ಪ್ರೇಷಣ’ ಅಂದಿದ್ದಾರೆ. ಇದಕ್ಕಿಂತ ಲ್ಯಾಟಿನ್ನೇ ಬಾಯಿಗೆ ಹಗುರ! (ಆಫೀಸಿನಲ್ಲಿ ‘ಐ.ಇ.’ ಮತ್ತು ‘ಇ.ಜಿ.’ ಅದಲುಬದಲು ಮಾಡಿ ಜಗಳ ಆಡೋ ನಾವು, ‘ಅಂದ್ರೆ’, ‘ಉದಾಹರಣೆಗೆ’ ಅನ್ನುವಾಗ ಎಂದಾದರೂ ಗೊಂದಲ ಮಾಡಿಕೊಂಡಿದ್ದೀವಾ?)

‘ಹೇಬಿಯಸ್ ಕಾರ್ಪಸ್’ ಇನ್ನೂ ದೊಡ್ಡ ನಷ್ಟ. ಹಿಡಿದವನ ದೇಹ ಇಲ್ಲಿ ಹಾಜರಿರಲಿ ಅನ್ನೋದು ಅದರ ಜೀವ. ‘ಬಂದೀ ಪ್ರತ್ಯಕ್ಷೀಕರಣ’ದಲ್ಲಿ ದೇಹವೇ ಇಲ್ಲ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾದಾಗ ಕರ್ನಾಟಕ ಹೈಕೋರ್ಟಿಗೆ ಹೋದದ್ದು ಇದೇ ಅರ್ಜಿ. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಹಾಗೆ ಕೇಳೋ ಹಕ್ಕೇ ಇಲ್ಲ ಅಂದಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನ ತಳ್ಳಿಹಾಕಿದ್ದು 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಖಾಸಗಿತನದ ಪ್ರಕರಣದಲ್ಲಿ. ಈ ನಲವತ್ತು ವರ್ಷದ ಕಥೆ ‘ಆಳನ್ನ ತಂದು ತೋರಸ್ರಿ’ ಅಂದರೆ ಯಾವ ಓಣಿಯಲ್ಲಾದರೂ ಅರ್ಥ ಆಗುತ್ತೆ.

ಪಾರಿಭಾಷಿಕ ಪದ ನಿಖರವಾಗಿರಬೇಕು, ಆಡುಮಾತು ಸಾಲದು ಅಂತ ವಕೀಲ ಗೆಳೆಯರು ವಾದಿಸ್ತಾರೆ. ಒಪ್ಪಿದೆ, ಪದ ಇರಲಿ. ಆದರೆ ಅದರ ಪಕ್ಕಕ್ಕೆ ಒಂದು ಸಾಲು ಬರೆಯೋಕೆ ಏನು ಅಡ್ಡಿ? ‘ಕೋ ವಾರಂಟೊ’ ತಗೊಳ್ಳಿ: ಅದು ಹುಟ್ಟಿದ್ದೇ ಪ್ರಶ್ನೆಯಾಗಿ, ಯಾವ ಅಧಿಕಾರದಿಂದ ಅಂತ. ಕನ್ನಡದ ‘ಅಧಿಕಾರ ಪೃಚ್ಛೆ’ಯಲ್ಲಿ ಕೇಳುವವನೂ ಇಲ್ಲ, ಕೇಳಿಸಿಕೊಳ್ಳುವವನೂ ಇಲ್ಲ. ನಮ್ಮೂರ ಕಟ್ಟೆ ಮೇಲೆ ಕೂತವರನ್ನ ಕೇಳಿದರೆ ಒಂದೇ ಉಸಿರಿಗೆ ಹೇಳ್ತಾರೆ: ‘ಯಾವ ಹಕ್ಕಿನ ಮ್ಯಾಲ ಈ ಖುರ್ಚಿದಾಗ ಕುಂತೀರಿ, ಸಾಹೇಬ್ರ?’