ಪಥದ ಸವಾರನ ತೊಗಲುಡುಪು

ಬೆಳಗಾವಿಯ ಅನಗೋಳದಿಂದ ಭಾನುವಾರದ ನಸುಕಿನಲ್ಲಿ ಹೊರಟು, ಜಾಂಬೋಟಿ, ಕಣಕುಂಬಿಗಳ ಕಾಡುದಾರಿಯನ್ನು ಹಾದು, ಚೋರ್ಲಾ ಘಾಟಿನ ತಿರುವುಗಳಲ್ಲಿ ತಮ್ಮ ಮೋಟಾರುಬೈಕಿನ ಶಕ್ತಿಯನ್ನೂ ತಮ್ಮ ಕೌಶಲವನ್ನೂ ಪರೀಕ್ಷಿಸಿಕೊಳ್ಳುವ ತರುಣರಲ್ಲಿ ಕೆಲವರಿಗಾದರೂ, ಬಸ್ಸು, ಲಾರಿ, ದನಕರುಗಳು ಎದುರಾಗುವ ರಸ್ತೆಯು ವೇಗಸಾಧನೆಯ ಕ್ಷೇತ್ರವಲ್ಲವೆಂಬ ವಿವೇಕ ಮೂಡಿ, ಅದಕ್ಕೆಂದೇ ನಿರ್ಮಿತವಾದ ಪಥದತ್ತ ಅವರ ಮನಸ್ಸು ಹರಿಯುವುದು ಎಲ್ಲ ರೀತಿಯಿಂದಲೂ ಶ್ಲಾಘ್ಯವಾದುದು. ಅದಕ್ಕಾಗಿ ಅವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಶ್ರೀಪೆರಂಬುದೂರಿನ ಬಳಿಯ ಮದರಾಸು ಪಥಕ್ಕೋ ದೂರಪ್ರಯಾಣ ಮಾಡಬೇಕು. ಪ್ರಯಾಣಕ್ಕೆ ಮೊದಲು ತೊಗಲಿನ ಸೂಟೊಂದನ್ನು ಕೊಳ್ಳಬೇಕು. ಈ ಕೊಳ್ಳುವಿಕೆಯಲ್ಲಿ ರೂಢಿಯಾಗಿರುವ ವಿಚಾರಕ್ರಮವನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಅಗತ್ಯವೆಂದು ನನಗೆ ತೋರುತ್ತದೆ. ಏಕೆಂದರೆ ಸಾಮಾನ್ಯವಾಗಿ ಸವಾರನು ಮೊದಲು ವರ್ಣವನ್ನೂ, ಆಮೇಲೆ ಎದೆಯ ಮೇಲಿನ ಕಂಪನಿಯ ಹೆಸರನ್ನೂ, ಮೂರನೆಯದಾಗಿ ಭುಜದ ಮೇಲೆ ಹೊಳೆಯುವ ಲೋಹದ ಫಲಕಗಳನ್ನೂ ನೋಡಿ, ಪ್ರಾಣರಕ್ಷಣೆಯ ಭಾರವನ್ನು ನಿಜವಾಗಿ ಹೊರತಕ್ಕ ಹೊಲಿಗೆಯನ್ನೂ ಅಳತೆಯನ್ನೂ ಪರಿಶೀಲಿಸದೆಯೇ ಹಣವನ್ನು ಕೊಟ್ಟುಬಿಡುತ್ತಾನೆ.

ತೊಗಲು ಏಕೆ ಬೇಕೆಂಬುದನ್ನು ಒಂದು ಸರಳ ಗಣಿತವೇ ತಿಳಿಸುತ್ತದೆ. ಗಂಟೆಗೆ 120 ಕಿಲೋಮೀಟರು ವೇಗದಲ್ಲಿ ಬಿದ್ದ ದೇಹವು, ಒಣಗಿದ ಡಾಂಬರಿನ ಘರ್ಷಣೆಯೊಂದೇ ಅದನ್ನು ತಡೆಯಬೇಕಾದಾಗ, ಸರಿಸುಮಾರು 5 ಸೆಕೆಂಡುಗಳ ಕಾಲ, 80 ಮೀಟರಿಗೂ ಮಿಕ್ಕ ದೂರ ಜಾರುತ್ತಾ ಹೋಗುತ್ತದೆ. ಘಾಟಿನ ಸವಾರಿಗೆಂದು ಕೊಂಡ, ಗಾಳಿಯಾಡುವ ಪಾಲಿಯೆಸ್ಟರಿನ ಜಾಲರಿ ಜಾಕೆಟ್ಟು ಆ ಘರ್ಷಣೆಯ ಶಾಖಕ್ಕೆ ಕರಗಿ ಹರಿಯುವುದೂ ಉಂಟು. ಅದೇ ಜಾಕೆಟ್ಟನ್ನು ಪಥಕ್ಕೂ ಕೊಂಡೊಯ್ಯುವ ಆಲೋಚನೆಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ದಪ್ಪ 1.2ರಿಂದ 1.4 ಮಿಲಿಮೀಟರು ಇರುವ, ಮೇಲ್ಪದರವನ್ನು ಉಜ್ಜಿ ತೆಗೆಯದ ಹಸುವಿನ ತೊಗಲು ಮಾತ್ರ ಸವೆಯುತ್ತಾ ಸವೆಯುತ್ತಾ ತನ್ನ ಕೆಳಗಿನ ಚರ್ಮಕ್ಕೆ ಆ ಕೆಲವು ಸೆಕೆಂಡುಗಳನ್ನು ಗಳಿಸಿಕೊಡುತ್ತದೆ. ಕಾಂಗರೂ ತೊಗಲು ಇನ್ನೂ ತೆಳುವಾಗಿದ್ದರೂ, ಅದರ ತಂತುಗಳು ಮೇಲ್ಮೈಗೆ ಸಮಾಂತರವಾಗಿ ಹೆಣೆದುಕೊಂಡಿರುವುದರಿಂದ, ಬಲದಲ್ಲಿ ಹಿಂದೆ ಬೀಳುವುದಿಲ್ಲ. ಬೆಲೆಯಲ್ಲಂತೂ ಬಹಳ ಮುಂದಿರುತ್ತದೆ. ಮೊದಲ ಸಲ ಪಥಕ್ಕಿಳಿಯುವವನಿಗೆ ಅದು ಅನಾವಶ್ಯಕ.

ಆದರೆ ತೊಗಲು ಎಷ್ಟೇ ಶ್ರೇಷ್ಠವಾಗಿರಲಿ, ಉಡುಪು ಸೋಲುವುದು ಬಹುಮಟ್ಟಿಗೆ ಹೊಲಿಗೆಯ ಸಂಧಿಯಲ್ಲಿ. ಈ ಸತ್ಯವನ್ನು ನಮ್ಮ ಜಿಲ್ಲೆಯವರು ಹೊರಗಿನವರಿಂದ ಕಲಿಯಬೇಕಾದುದಿಲ್ಲ. ಶರಣ ಹರಳಯ್ಯನನ್ನು ತಮ್ಮ ಹಿರಿಯನೆಂದು ನೆನೆಯುವ ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಿಗಳು, 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೊಲ್ಲಾಪುರಿ ಚಪ್ಪಲಿಯನ್ನು ಮೊಳೆಯ ಹಂಗಿಲ್ಲದೆ ತೊಗಲಿನ ದಾರದಿಂದಲೇ ಹೊಲಿದು ನಿಲ್ಲಿಸುತ್ತಾರೆ. ಬೆನ್ನಿನ ಭಾಗದ ತೊಗಲು ಬಿಗಿ, ಹೊಟ್ಟೆಯ ಭಾಗದ್ದು ಸಡಿಲ ಎಂಬುದನ್ನು ಅವರ ಬೆರಳು ಮುಟ್ಟಿದೊಡನೆ ಅರಿಯುತ್ತದೆ. ಸೂಟನ್ನು ಕೊಳ್ಳುವವನು ಇದೇ ಬೆರಳಿನಿಂದ ಕೊಳ್ಳಬೇಕು. ಭುಜ, ಮೊಣಕೈ, ಪೃಷ್ಠ, ಮೊಣಕಾಲುಗಳ ಮೇಲೆ ಒಂದೇ ದೊಡ್ಡ ತುಂಡನ್ನು ಇಟ್ಟಿದ್ದಾರೆಯೆ, ಅಥವಾ ಬಣ್ಣದ ಪಟ್ಟೆಗಳ ಮೋಹಕ್ಕಾಗಿ ಸಣ್ಣ ಚೂರುಗಳನ್ನು ಕೂಡಿಸಿದ್ದಾರೆಯೆ? ಒಂದೊಂದು ಪಟ್ಟೆಯೂ ಎರಡು ಹೊಸ ಸಂಧಿಗಳನ್ನು ತರುತ್ತದೆ. ಹೊರಗೆ ಕಾಣುವ ಹೊಲಿಗೆ ಡಾಂಬರಿಗೆ ಉಜ್ಜಿ ಹೋದರೂ ತುಂಡುಗಳನ್ನು ಹಿಡಿದಿಡುವ ಒಳಹೊಲಿಗೆ ಬೇರೆಯಾಗಿ ಇದೆಯೆ? ಒಳಪದರವನ್ನು ತಿರುವಿ ನೋಡುವುದಕ್ಕೆ ಯಾವ ಅಂಗಡಿಯವನೂ ಬೇಸರಪಡಬಾರದು. ಪಟ್ಟರೆ ಆ ಅಂಗಡಿಯನ್ನು ಬಿಡುವುದು ಲೇಸು. ಅಥಣಿಯ ತೊಗಲನ್ನೇ ಸೂಟಿಗೆ ಬಳಸಬಹುದೆಂದು ಇದರಿಂದ ಯಾರೂ ಭಾವಿಸಬಾರದು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡ ತೊಗಲು ಪಾದದ ಕೆಳಗೆ ದೃಢವಾಗಿ ನಿಲ್ಲತಕ್ಕದ್ದು. ಮೈಯೊಡನೆ ಬಾಗಿ ಬಳುಕಬೇಕಾದ ಉಡುಪಿಗೆ ಕ್ರೋಮಿನಿಂದ ಹದಮಾಡಿದ ಮೃದುವಾದ ತೊಗಲೇ ಯೋಗ್ಯ.

ಕಣ್ಣು, ಬೆರಳುಗಳಿಗೆ ನಿಲುಕದುದನ್ನು ಅಳೆಯಲು ಯುರೋಪಿನ ಪ್ರಮಾಣಗಳು ನೆರವಾಗುತ್ತವೆ. 2020ರ ಇ.ಎನ್. 17092 ಎಂಬ ಪ್ರಮಾಣದಲ್ಲಿ ಎ, ಎಎ, ಎಎಎ ಎಂಬ ದರ್ಜೆಗಳುಂಟು. ತಿರುಗುವ ಯಂತ್ರದಿಂದ ಕಾಂಕ್ರೀಟಿನ ಮೇಲೆ ಬಿಟ್ಟ ಬಟ್ಟೆಯ ತುಂಡು, ಅತ್ಯಂತ ಅಪಾಯದ ಭಾಗಗಳಿಗೆ ಸಂಬಂಧಿಸಿದಂತೆ, ಎಎ ದರ್ಜೆಗೆ ಗಂಟೆಗೆ 70 ಕಿಲೋಮೀಟರಿಗೆ ಸಮನಾದ ವೇಗವನ್ನೂ, ಎಎಎ ದರ್ಜೆಗೆ 120ಕ್ಕೆ ಸಮನಾದ ವೇಗವನ್ನೂ ತೂತು ಬೀಳದೆ ತಾಳಬೇಕು. ಪಥಕ್ಕೆ ಎಎಎ ವಿನಾ ಬೇರೊಂದನ್ನು ನಾನು ಸೂಚಿಸೆನು. ‘ಸಿ.ಇ.’ ಎಂಬ ಯುರೋಪಿನ ಗುರುತಿನ ಎರಡಕ್ಷರವನ್ನು ಮಾತ್ರ ಕಂಡು ತೃಪ್ತರಾಗುವವರು ಬಹಳ ಮಂದಿ. ಎಷ್ಟೋ ವೇಳೆ ಆ ಗುರುತು ಒಳಗೆ ಪೆಟ್ಟು ತಡೆಯುವ ಆರ್ಮರ್ ತುಂಡುಗಳಿಗೆ ಮಾತ್ರ ಸಲ್ಲುತ್ತದೆ, ಉಡುಪಿಗಲ್ಲ. ಬೆನ್ನಿನ ರಕ್ಷಾಫಲಕದಲ್ಲಿ ಎರಡನೆಯ ದರ್ಜೆಯನ್ನೇ ಕೇಳಬೇಕು: ಪರೀಕ್ಷೆಯ ಪೆಟ್ಟಿನಲ್ಲಿ ಮೊದಲ ದರ್ಜೆಯದು ಸರಾಸರಿ 18 ಕಿಲೋನ್ಯೂಟನ್ ಬಲವನ್ನು ಒಳಕ್ಕೆ ಬಿಡಬಹುದಾದರೆ, ಎರಡನೆಯದು 9ನ್ನು ಮೀರುವಂತಿಲ್ಲ. ಅನೇಕ ಸೂಟುಗಳ ಬೆನ್ನಿನಲ್ಲಿ ಬರುವ ತೆಳು ಸ್ಪಂಜು ಫಲಕವೇ ಅಲ್ಲ.

ಅಳತೆಯ ವಿಷಯವಂತೂ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾದುದು. ಇಡಿಯಾದ ಒಂದೇ ತುಂಡಿನ ಸೂಟನ್ನು 1950ರ ಸುಮಾರಿನಲ್ಲಿ ಇಂಗ್ಲೆಂಡಿನ ಸ್ಪರ್ಧಾಸವಾರ ಜೆಫ್ ಡ್ಯೂಕ್ ರೂಢಿಗೆ ತಂದದ್ದು ಗಾಳಿಯ ತಡೆಯನ್ನು ತಗ್ಗಿಸುವುದಕ್ಕಾಗಿ; ಸೊಂಟದಲ್ಲಿ ಬಾಯಿಬಿಡದ ಉಡುಪು ಜಾರುವ ದೇಹವನ್ನೂ ಕಾಯುತ್ತದೆಂಬುದು ಅದರೊಡನೆ ಒದಗಿಬಂದ ಲಾಭ. ಎರಡು ತುಂಡಿನದನ್ನೇ ಕೊಳ್ಳುವುದಾದರೆ, ಸೊಂಟದ ಸುತ್ತ ಪೂರ್ಣವಾಗಿ ಹಾಯುವ ಜಿಪ್ಪು ಇರಲೇಬೇಕು. ಕನ್ನಡಿಯ ಮುಂದೆ ನೆಟ್ಟಗೆ ನಿಂತು ಸುಖವಾಗಿದೆಯೆನ್ನುವುದು ಪರೀಕ್ಷೆಯಲ್ಲ. ಗಾಡಿಯ ಮೇಲೆ ಬಾಗಿ ಕುಳಿತಾಗ ಮೈಗೆ ಒಪ್ಪಿ, ನಿಂತಾಗ ತುಸು ಮುಂದಕ್ಕೆ ಎಳೆಯುವಂತಿದ್ದರೆ ಸರಿ. ಮೊಣಕೈಯ ಆರ್ಮರನ್ನು ಕೈಯಿಂದ ತಿರುವಿದರೆ ತಿರುಗಿಬಿಡುವುದಾದರೆ, ಬಿದ್ದಾಗ ಅದು ಇರಬೇಕಾದ ಕಡೆ ಇರುವುದಿಲ್ಲ. ಸೂಟಿನೊಳಗೆ ಗಾಳಿಚೀಲವನ್ನು (ಏರ್‌ಬ್ಯಾಗ್) ತೊಡುವವನು ಅದು ಉಬ್ಬುವುದಕ್ಕೆ ಎಡೆಯಿದೆಯೇ ಎಂದೂ ನೋಡಬೇಕು. ಮೋಟೋಜಿಪಿ ಸ್ಪರ್ಧೆಯಲ್ಲಿ 2018ರಿಂದ ಅದು ಕಡ್ಡಾಯವಾಗಿದೆ.

ಸೆಕೆಯ ಆಕ್ಷೇಪಣೆಯನ್ನು ಲಘುವಾಗಿ ಕಾಣಲಾಗದು. 2023ರ ಸೆಪ್ಟೆಂಬರಿನಲ್ಲಿ ಬುದ್ಧ ಪಥದಲ್ಲಿ ನಡೆದ ಮೋಟೋಜಿಪಿ ಸ್ಪರ್ಧೆಯನ್ನು ಬಿಸಿಲಿನ ದೆಸೆಯಿಂದ 24 ಸುತ್ತುಗಳಿಂದ 21ಕ್ಕೆ ಇಳಿಸಬೇಕಾಯಿತು. ಎರಡನೆಯವನಾಗಿ ಬಂದ ಹೋರ್ಹೆ ಮಾರ್ಟಿನ್ ನಿರ್ಜಲತೆಯಿಂದ ಕುಸಿದನು. ಬೆಳಗಾವಿಯ ತಂಪಿನಲ್ಲಿ ಸಹ್ಯವೆನಿಸಿದ ಸೂಟು ಮದರಾಸಿನ ಮಧ್ಯಾಹ್ನದಲ್ಲಿ ಅಸಹ್ಯವಾದೀತು. ಆದಕಾರಣ ಎದೆ, ತೊಡೆಗಳ ಮೇಲೆ ಸಣ್ಣ ರಂಧ್ರಗಳಿರುವ ತೊಗಲನ್ನು ಆರಿಸುವುದು ಉಚಿತ. ಭುಜ, ಮೊಣಕೈಗಳ ಮೇಲೆ ಮಾತ್ರ ರಂಧ್ರಗಳಿರಕೂಡದು. ತೊಳೆದು ಒಣಗಿಸಬಹುದಾದ ಒಳಪದರ ಇದ್ದರೆ ಇನ್ನೂ ಲೇಸು; ಖಾನಾಪುರದ ಕಡೆಯ ಮಳೆಗಾಲದಲ್ಲಿ ಬೆವರು ಹಿಡಿದ ತೊಗಲು ಬೇಗನೆ ಬೂಷ್ಟು ಹಿಡಿಯುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ಖೇದ ಒಂದಿದೆ. ಅನಗೋಳದ ಮಗ್ಗುಲಲ್ಲೇ ಉದ್ಯಮಬಾಗದ ಯಂತ್ರಶಾಲೆಗಳಿವೆ. ಅದೇ ಜಿಲ್ಲೆಯ ಉತ್ತರದಲ್ಲಿ ತೊಗಲಿನ ಮರ್ಮವರಿತ ಕೈಗಳಿವೆ. ಸವಾರನ ಮೈಯಳತೆಯನ್ನು ತೆಗೆದುಕೊಂಡು, ಒಳ್ಳೆಯ ಕ್ರೋಮ್ ತೊಗಲನ್ನೂ ಬಲವಾದ ನೈಲಾನ್ ದಾರವನ್ನೂ ತರಿಸಿ, ಹೊಲಿದ ಸಂಧಿಯನ್ನು ಯಂತ್ರದಲ್ಲಿ ಹರಿದು ನೋಡಿ ಪರೀಕ್ಷಿಸುವ ಒಂದು ಕಾರ್ಯಶಾಲೆಯನ್ನು ಇವೆರಡೂ ಕೂಡಿ ಏರ್ಪಡಿಸುವುದು ಅಸಾಧ್ಯವೇನಲ್ಲ. ಆರಂಭಕ್ಕೆ, ಬಿದ್ದು ಹರಿದ ಸೂಟುಗಳನ್ನು ದುರಸ್ತಿ ಮಾಡಿಕೊಡುವ ಕೆಲಸವನ್ನೇ ಕೈಗೊಳ್ಳಬಹುದು.